ಅವರು ಅವನಾದ ಬೆಳಿಗ್ಗೆ

ಶಿವಮೊಗ್ಗದ ಕೋಟೆ ಬೀದಿಯಿಂದ ಮದುವೆಯಾಗಿ ಭದ್ರಾವತಿಗೆ ಬಂದಾಗ ನನಗೆ ಹದಿನೆಂಟು. ಗಂಡ ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತರು. ಕಾರ್ಖಾನೆಯ ಸಾಲುಮನೆ, ಎರಡು ಮನೆಗಳ ನಡುವೆ ಒಂದೇ ಗೋಡೆ, ಹೊರಗೆ ಒಂದೇ ನಲ್ಲಿ. ಗೋಡೆಯಾಚೆ ಇದ್ದವಳು ತಮಿಳಿನವಳು, ಕುಲುಮೆಯ ಮೇಸ್ತ್ರಿಯ ಹೆಂಡತಿ. ಆ ಊರಿನಲ್ಲಿ ನನ್ನನ್ನು ಮೊದಲು ಮಾತಾಡಿಸಿದವಳು ಅವಳೇ. ಯುದ್ಧ ಶುರುವಾದ ಮೇಲೆ ಅವಳ ಒಬ್ಬನೇ ತಮ್ಮ ಬ್ರಿಟಿಷರ ದಂಡಿಗೆ ಸೇರಿ ಆಫ್ರಿಕಾದ ಕಡೆ ಹೋದ.

ಗಂಡ ಕ್ಲಬ್ಬಿನಿಂದ ಹಿಂದಿನ ದಿನದ ಇಂಗ್ಲಿಷ್ ಪೇಪರ್ ತಂದು, ಬೆಳಿಗ್ಗೆ ಕನ್ನಡ ಮಾಡಿ ನನಗೆ ಹೇಳುತ್ತಿದ್ದರು. ನಾನು ಕಾಫಿ ಸೋಸುತ್ತಾ ಕೇಳುತ್ತಿದ್ದೆ ಎಂದು ಬರೆಯಲು ಕೈ ಹೋಗುತ್ತದೆ. ಏನು ಮಾಡುತ್ತಿದ್ದೆನೋ ನಿಜವಾಗಿ ನೆನಪಿಲ್ಲ, ಧ್ವನಿ ಮಾತ್ರ ನೆನಪಿದೆ.

"ನೋಡು, ಅವರು ಇನ್ನೊಂದು ದೇಶ ತಗೊಂಡ್ರು. ಬರೀ ಸಿಪಾಯಿಯಾಗಿದ್ದೋರು ಕಣೆ! ಈ ಇಂಗ್ಲಿಷರ ಸೊಕ್ಕು ಅವರೇ ಇಳಿಸ್ಬೇಕು."

ಅವರು ಎಂದರೆ ಜರ್ಮನಿಯ ಸರ್ವಾಧಿಕಾರಿ. ಇಂಗ್ಲೆಂಡಿನ ರಾಜನಿಗೆ ನಮ್ಮ ಮನೆಯಲ್ಲಿ ಏಕವಚನ, ಮೈಸೂರಿನ ಮಹಾರಾಜರಿಗೆ ಬಹುವಚನ, ಆ ಮನುಷ್ಯನಿಗೂ ಬಹುವಚನ. ಇಂಗ್ಲಿಷಿನಲ್ಲಿ ಈ ಭೇದವೇ ಇಲ್ಲ ಎಂದು ನನಗೆ ಹೊಳೆದಿರಲಿಲ್ಲ. ಮರ್ಯಾದೆ ಪೇಪರಿನಲ್ಲೇ ಅಚ್ಚಾಗಿ ಬರುತ್ತದೆ ಎಂದುಕೊಂಡಿದ್ದೆ.

ಒಂದು ದಿನ ನಲ್ಲಿಯ ಹತ್ತಿರ ಗೋಡೆಯಾಚೆಯವಳು ತಮ್ಮನ ಕಾಗದದ ಸುದ್ದಿ ಹೇಳಿದಳು. ನಮ್ಮ ಕಡೆಯವರೇ ಗೆಲ್ಲುತ್ತಾರಂತೆ, ಬೇಗ ಬರುತ್ತಾನಂತೆ.

"ಎಲ್ಲಿ ಗೆಲ್ತಾರೆ ಮಾರಾಯ್ತಿ," ಎಂದೆ. "ಅವರ ಮುಂದೆ ಇವರೆಲ್ಲ ಯಾವ ಲೆಕ್ಕ?"

"ಯಾರಕ್ಕಾ ಅವರು?"

ಹೇಳಿದೆ. ಗಂಡ ಹೇಳುವ ಠೀವಿಯಲ್ಲೇ ಹೇಳಿದೆ.

"ನಮ್ಮ ಭಾಷೇಲೂ 'ಅವರ್' ಬೇರೆ, 'ಅವನ್' ಬೇರೆ," ಎಂದಳು. "ನನ್ನ ತಮ್ಮನ ಮೇಲೆ ಗುಂಡು ಹಾರಿಸೋನು ನಿಮಗೆ ಅವರಾ?"

ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಹೋದಳು. ಮತ್ತೆ ನಾನಿರುವಾಗ ನಲ್ಲಿಗೆ ಬರಲಿಲ್ಲ. ಕೆಲವು ತಿಂಗಳಿಗೆ ತಂತಿ ಬಂತು. ಅವಳ ತಮ್ಮ ಮರಳುಗಾಡಿನಲ್ಲೇ ಮಣ್ಣಾದ. ಅಳು ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ನಾನು ನಮ್ಮ ಬಾಗಿಲಿನವರೆಗೆ ಹೋದೆ. "ಈಗ ಬೇಡ," ಎಂದರು ಗಂಡ. ಅಥವಾ ಅವರು ಏನೂ ಅನ್ನಲಿಲ್ಲ, ಹೋಗದಿದ್ದುದಕ್ಕೆ ನಾನೇ ಆಮೇಲೆ ಹೊಲಿದುಕೊಂಡ ಮಾತು ಅದು.

ಯುದ್ಧ ಜರ್ಮನಿಗೆ ವಿರುದ್ಧವಾಗಿ ತಿರುಗಿತು. ಪೇಪರ್ ಓದುವುದು ಚುಟುಕಾಯಿತು, ಕೆಲವು ದಿನ ನಿಂತೇ ಹೋಯಿತು. ಆಮೇಲೊಂದು ಬೆಳಿಗ್ಗೆ ಗಂಡ, "ಸತ್ತನಂತೆ ಕಣೆ, ಪೀಡೆ ತೊಲಗಿತು," ಎಂದರು. ಮುಂದಿನ ವಾರಗಳಲ್ಲಿ ಮುಳ್ಳುತಂತಿಯ ಹಿಂದೆ ನಿಂತ ಎಲುಬುಗೂಡಿನಂಥ ಜನರ ಚಿತ್ರಗಳು ಬಂದವು. "ಎಂಥ ರಾಕ್ಷಸ ಅವನು! ಇದೆಲ್ಲ ಯಾರಿಗೆ ಗೊತ್ತಿತ್ತು?"

"ನೀವು 'ಅವರು' ಅಂತಿದ್ರಲ್ಲ?"

"ನಾನಾ? ಯಾವಾಗಂದೆ? ಕನಸು ಕಂಡ್ಯಾ?"

ಅಷ್ಟು ಶಾಂತವಾಗಿ ಹೇಳಿದರು, ನನ್ನ ನೆನಪಿನ ಮೇಲೇ ನನಗೆ ಸಂಶಯ ಬಂತು. ಅಡುಗೆಮನೆಯ ಗೂಡಿಗೆ ಹಾಸಿದ್ದ ಹಳೆಯ ಪೇಪರುಗಳನ್ನು ಪದರ ಪದರವಾಗಿ ಎತ್ತಿ ನೋಡಿದೆ. ಮಿಡ್ಲ್ ಸ್ಕೂಲಿನ ನನ್ನ ಇಂಗ್ಲಿಷು ಅಕ್ಷರ ಕೂಡಿಸಿ ಓದುವಷ್ಟಿತ್ತು. ತಳದ ಹಾಳೆಯಲ್ಲಿ, ಯುದ್ಧಕ್ಕಿಂತ ಮುಂಚಿನದರಲ್ಲಿ, ಜರ್ಮನಿಯಲ್ಲಿ ಹುಟ್ಟಿದ ಕುಲದ ಕಾರಣಕ್ಕೆ ಜನರ ಅಂಗಡಿ ಒಡೆದು ಅವರನ್ನು ಬೀದಿಗೆಳೆದ ಸುದ್ದಿಯಿತ್ತು. ಅದರ ಪಕ್ಕದಲ್ಲೇ ಆ ದೇಶದ ಹೊಸ ರಸ್ತೆಗಳ ಸುದ್ದಿ. ರಸ್ತೆಗಳ ಸುದ್ದಿಯನ್ನು ಮಾತ್ರ ನನಗೆ ಓದಿ ಹೇಳಿದ್ದರು. ಅದು ನನಗೆ ನೆನಪಿತ್ತು.

ಮಾರನೆಯ ದಿನ ಕೊಡ ಹಿಡಿದು ಹೊರಗೆ ಬಂದರೆ ಗಂಡ ಮೇಸ್ತ್ರಿಯ ಜೊತೆ ನಗುತ್ತಾ ನಿಂತಿದ್ದರು. "ನಮ್ಮನೇಲಿ ಇವಳಿಗೇ ಇತ್ತು ಆ ಜರ್ಮನಿಯವನ ಹುಚ್ಚು. ಹೆಂಗಸರಿಗೆ ಏನು ಗೊತ್ತಾಗುತ್ತೆ, ಮನಸ್ಸಿಗೆ ಹಚ್ಕೋಬೇಡಿ."

ಈ ಬರಹದ ಉದ್ದಕ್ಕೂ ಗಂಡನಿಗೆ ಬಹುವಚನ ಹಾಕಿದ್ದೇನೆ. ಈ ಒಂದು ಕಡೆಯಾದರೂ ತೆಗೆಯೋಣವೆಂದರೆ ಕೈ ಬರುವುದಿಲ್ಲ.

ಅವರು ಕೆಲಸಕ್ಕೆ ಹೋದ ಮೇಲೆ ಗೋಡೆಯಾಚೆಯವಳ ಬಾಗಿಲು ತಟ್ಟಿದೆ. ತೆರೆದಳು, ಒಳಗೆ ಕರೆಯಲಿಲ್ಲ. ಮೂರು ವರ್ಷದ ಮೇಲೆ ಅವಳ ಮುಖವನ್ನು ಅಷ್ಟು ಹತ್ತಿರದಿಂದ ನೋಡುತ್ತಿದ್ದೆ.

"ಅವತ್ತು ಆ ಮಾತು ಅಂದದ್ದು ನಾನೇ. ಆದ್ರೆ ನನಗೆ ಹೇಳ್ಕೊಟ್ಟಿದ್ದು ನಮ್ಮನೆಯವರು," ಎಂದೆ.

"ಬಾಯಿ ನಿಮ್ಮದೇ ತಾನೇ ಅಕ್ಕಾ?"

ಹೌದು ಎಂದೆ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಒಂದು ಕೇಳ್ತೀನಿ. ಇಷ್ಟು ವರ್ಷ ನಿಮ್ಮನೇಲಿ ನನ್ನ ತಮ್ಮನ್ನ ಏನಂತಿದ್ರಿ? ಅವನು ಅಂತಿದ್ರಾ, ಅವರು ಅಂತಿದ್ರಾ?"

ನನಗೆ ಉತ್ತರ ಗೊತ್ತಿತ್ತು. ನಮ್ಮ ಮನೆಯಲ್ಲಿ ಒಂದು ದಿನವೂ ಆ ಹುಡುಗನ ಮಾತೇ ಬಂದಿರಲಿಲ್ಲ.