ಖಾಲಿ ಬಿಟ್ಟ ಐದನೇ ನಕ್ಷತ್ರ

ನಮ್ಮ ರೆಸಾರ್ಟಿನ ರಿಸೆಪ್ಷನ್ನಿನಲ್ಲಿರುವ ಆ ಟ್ಯಾಬನ್ನು ಕಾವೇರಿಗೆ ಎಸೆಯಬೇಕು ಅಂತ ನನಗೆ ಅನ್ನಿಸದ ದಿನವಿಲ್ಲ. ಹೊಳೆ ಕೂಗಳತೆಯಲ್ಲೇ ಇದೆ. ಆದರೂ ಎಸೆದಿಲ್ಲ. ಆ ತಾಯಿಗೆ ಈ ದರಿದ್ರ ಯಾಕೆ ಅನ್ನುವುದು ಒಂದು. ಇನ್ನೊಂದು, ನಾನು ಎಸೆದರೆ ಅದು ನೀರಿಗೆ ಬೀಳದೆ ದಡದ ಬಿದಿರುಮೆಳೆಗೆ ಸಿಕ್ಕಿಕೊಂಡು, ಅಲ್ಲಿಂದಲೇ ಟಿಂಗ್ ಅಂತ ಸಾವ್ಕಾರ್ರಿಗೆ ಮೆಸೇಜು ಕಳಿಸುತ್ತದೇನೋ ಎಂಬ ಚಿಂತೆ. ನನ್ನ ಸಿಟ್ಟುಗಳೆಲ್ಲ ಹೀಗೆ ಅರ್ಧ ದಾರಿಯಲ್ಲಿ ಚಿಂತೆಗೆ ಸಿಕ್ಕಿ ಸಾಯುತ್ತವೆ.

ಆ ಟ್ಯಾಬಿನಲ್ಲಿ ಐದು ನಕ್ಷತ್ರಗಳಿವೆ. ಊರಿಗೆ ಹೊರಟು ನಿಂತ ಅತಿಥಿಯ ಮುಂದೆ ನಾನು ಅದನ್ನು ಆರತಿ ತಟ್ಟೆಯ ಹಾಗೆ ಹಿಡಿಯಬೇಕು. ನಿಮ್ಮ ಕೋಣೆ ನೋಡಿಕೊಂಡವರು ಹೇಗಿದ್ದರು ಅಂತ ಅದು ಕೇಳುತ್ತದೆ. ಅತಿಥಿ ಮುಟ್ಟಿದಷ್ಟು ನಕ್ಷತ್ರಗಳು ಹಳದಿಯಾಗುತ್ತವೆ. ಐದೂ ಹಳದಿಯಾದರೆ ಬಚಾವು. ಒಂದು ಬೆಳ್ಳಗೆ ಉಳಿಯಿತೋ, ಆ ಕೋಣೆ ಗುಡಿಸಿದವರ ಗತಿ ಮುಗಿಯಿತು.

ಈ ಕಾಟ ನನಗೆ ಹೊಸದಲ್ಲ. ಪ್ರವಾಸಿ ಹಡಗುಗಳಲ್ಲಿ ವರ್ಷಗಟ್ಟಲೆ ಕ್ಯಾಬಿನ್ ಸ್ಟೂವರ್ಡ್ ಆಗಿದ್ದವನು ನಾನು. ಹೆಸರು ದೊಡ್ಡದು. ಕೆಲಸವೆಂದರೆ ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಹಾಸಿಗೆ ಹಾಸುವುದು, ಕಕ್ಕಸು ತೊಳೆಯುವುದು, ಪ್ರಯಾಣಿಕರ ಹೆಸರು ಬಾಯಿಪಾಠ ಮಾಡುವುದು, ಮಂಚದ ಮೇಲೆ ಟವೆಲು ಮಡಿಚಿ ಆನೆಯನ್ನೋ ಮೊಲವನ್ನೋ ಕೂರಿಸುವುದು. ಪ್ರಯಾಣದ ಕೊನೆಯಲ್ಲಿ ಅವರು ನಮಗೆ ಅಂಕ ಹಾಕುತ್ತಿದ್ದರು. ಪೂರ್ತಿ ಅಂಕ ಬಂದರೆ ಕೆಲಸ ಮಾಡಿದ ಹಾಗೆ, ಅದಕ್ಕಿಂತ ಎಷ್ಟು ಕಡಿಮೆಯಾದರೂ ಮಾಡದ ಹಾಗೆ. ಪಾಪ, ಪ್ರಯಾಣಿಕರಿಗೆ ಇದು ಗೊತ್ತೇ ಇರುತ್ತಿರಲಿಲ್ಲ. ಹಾಗಾಗಿ ಕೊನೆಯ ದಿನ ನಾವು ಬಾಗಿಲಲ್ಲಿ ನಿಂತು, ನಗುನಗುತ್ತಾ, ಬೇಡಿದ ಹಾಗೆ ಕಾಣದಂತೆ ಬೇಡುತ್ತಿದ್ದೆವು. ಆ ವಿದ್ಯೆಯಲ್ಲಿ ನಾನು ಪಳಗಿದ್ದೆ. ಒಂದು ದಿನ ಕನ್ನಡಿ ಒರೆಸುವಾಗ ನನ್ನ ಮುಖ ಒಬ್ಬನೇ ಇದ್ದಾಗಲೂ ನಗುತ್ತಿರುವುದು ಕಂಡಿತು. ಹೆದರಿಕೆಯಾಗಿ ಮುಂದಿನ ರಜೆಗೆ ಊರಿಗೆ ಬಂದವನು ಮತ್ತೆ ಹೋಗಲಿಲ್ಲ. ಹಡಗು ಬಿಟ್ಟರೂ ಕೈಯ ಅಭ್ಯಾಸ ಬಿಡಲಿಲ್ಲ. ಹೆಂಡತಿ ಇನ್ನೂ ಮಲಗಿರುವಾಗಲೇ ನಾನು ಅವಳ ಬದಿಯ ದುಪ್ಪಟಿ ಎಳೆದು ಸರಿಮಾಡುತ್ತೇನೆ. ಇದು ಮನೆ, ಕ್ಯಾಬಿನ್ ಅಲ್ಲ ಅಂತ ಅವಳು ನಿದ್ದೆಗಣ್ಣಲ್ಲೇ ಬೈಯುತ್ತಾಳೆ.

ಸಿದ್ದಾಪುರದ ಹತ್ತಿರ ತೋಟದೊಳಗೆ ಕಾಟೇಜು ಕಟ್ಟಿಸಿದ ಸಾವ್ಕಾರ್ರು ನನ್ನನ್ನು ಮೇಲ್ವಿಚಾರಣೆಗೆ ಕರೆದಾಗ ಸುಖವಾಗಿಯೇ ಇದ್ದೆ. ಆಮೇಲೆ ಅವರು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಹಡಗಿನ ಪ್ರವಾಸಕ್ಕೆ ಹೋಗಿಬಂದರು. ಬಂದವರೇ ಸಮುದ್ರ ಒಂದು ಬಿಟ್ಟು ಮಿಕ್ಕಿದ್ದೆಲ್ಲ ನಮ್ಮಲ್ಲಿಗೆ ಬರಬೇಕು ಅಂದರು. ಅವರ ಕ್ಯಾಬಿನ್ ನೋಡಿಕೊಂಡವನು ಕೊನೆಯ ದಿನ ಕೈಮುಗಿದು, ಪೂರ್ತಿ ಅಂಕ ಕೊಡಿ, ಊರಲ್ಲಿ ಸಂಸಾರ ಇದೆ ಅಂದನಂತೆ. ಏನ್ ಮೋಟಿವೇಶನ್ ರೀ ಆ ಜನಕ್ಕೆ ಅಂತ ಇವರು ಬೆರಗಾಗಿದ್ದರು. ಅದರ ಹೆಸರು ಹೆದರಿಕೆ ಅಂತ ಹೇಳಲು ನನ್ನ ಬಾಯಿ ತೆರೆಯಿತು. ಹೊರಗೆ ಬಂದದ್ದು "ಹೌದು ಸಾರ್."

ಹೀಗೆ ಟ್ಯಾಬು ಬಂತು, ಜೊತೆಗೆ ಒಂದು ರೂಲು ಬಂತು. ಐದು ನಕ್ಷತ್ರ ತಪ್ಪಿದವರು ಕೋಣೆ ಬಿಟ್ಟು ತೋಟಕ್ಕೆ. ಎಷ್ಟೆಂದರೂ ಎಸ್ಟೇಟೂ ಅವರದೇ ತಾನೇ.

ತೋಟದ ಕೆಲಸ ಅಂದರೆ ಎಲ್ಲರಿಗೂ ಶಿಕ್ಷೆಯೇನಲ್ಲ. ನಮ್ಮಲ್ಲಿ ಹೊಳೆಬದಿಯ ಕಾಟೇಜು ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ಮಾತ್ರ ಅದು ಶಿಕ್ಷೆಯೇ. ಎಸ್ಟೇಟಿನ ಕೂಲಿಗಳಿಗೆ ಕಟ್ಟಿಸಿದ ಲೈನ್‌ಮನೆಯಲ್ಲೇ ಹುಟ್ಟಿ, ಅಲ್ಲೇ ಮದುವೆಯಾಗಿ, ಗಂಡನನ್ನು ಕಳೆದುಕೊಂಡು ಒಬ್ಬಳೇ ಇರುವ, ತಮಿಳು ಮನೆಮಾತಿನವಳು. ನನ್ನಷ್ಟೇ ವಯಸ್ಸು. ಹಿಂದೊಮ್ಮೆ ಕಾಫಿಹಣ್ಣು ಬಿಡಿಸುವ ಪಿಕ್ಕಿಂಗ್ ಸಮಯದಲ್ಲಿ ಆನೆ ಅಟ್ಟಿಸಿಕೊಂಡು ಬಂದು, ಓಡುವಾಗ ಕಂದಕಕ್ಕೆ ಬಿದ್ದು ಮಂಡಿ ಹೋಯಿತು. ಸಮ ನೆಲದಲ್ಲಿ ನಡೆಯುತ್ತಾಳೆ. ಬರೆಯಲ್ಲಿ, ಅಂದರೆ ಗುಡ್ಡದ ಇಳಿಜಾರಿನಲ್ಲಿ, ಕಾಫಿಗಿಡದ ಬುಡಕ್ಕೆ ಕಾಲು ಕೊಟ್ಟು ನಿಲ್ಲು ಅಂದರೆ ಆ ಕಾಲು ನಿಲ್ಲುವುದಿಲ್ಲ. ಕೋಣೆ ಕೆಲಸ ತಪ್ಪಿದರೆ ಆಕೆಗೆ ಬರೆ, ಬರೆ ಆಗದಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಲೈನ್‌ಮನೆಯೂ ಇಲ್ಲ.

ನನ್ನನ್ನು ಆಕೆ ಕರೆಯುವುದು ಕಪ್ಪಲ್ ಸಾರ್ ಅಂತ. ಅವರ ಮಾತಲ್ಲಿ ಹಡಗಿಗೆ ಕಪ್ಪಲ್ ಅನ್ನುತ್ತಾರೆ. ನಾನು ಟವೆಲಿನ ಆನೆ ಕಲಿಸಲು ಕೂತ ದಿನ ಆಕೆ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಕಪ್ಪಲ್ ಸಾರ್, ಆನೆ ನೋಡಿ ಓಡಿದವಳ ಹತ್ರ ಆನೆ ಮಾಡು ಅಂತೀರಲ್ಲ, ಮನಸ್ಸು ಹೆಂಗೆ ಬರ್ತದೆ?"

ಮಾಡಿದಳು. ಮುಖ ಹಂದಿಯದಾಯಿತು. ಅತಿಥಿಗಳು ಅದರದೇ ಫೋಟೋ ಹೆಚ್ಚು ತೆಗೆದುಕೊಂಡರು. ನಿಜದ ಆನೆ ದಾರಿಯಲ್ಲಿ ನಿಂತು ಕೆಲಸದವರ ಜೀಪು ತಡವಾದ ಬೆಳಿಗ್ಗೆಗಳಲ್ಲೂ ಟವೆಲಿನ ಆನೆ ಮಾತ್ರ ತಪ್ಪುವಂತಿರಲಿಲ್ಲ. ಬಾಗಿಲು ಬಡಿದು ಇಂಗ್ಲಿಷಿನಲ್ಲಿ ಹೌಸ್ ಕೀಪಿಂಗ್ ಅಂತ ಕೂಗಬೇಕೆಂದು ಹೇಳಿಕೊಟ್ಟಿದ್ದೆ. ಆಕೆ ಬಡಿದು, ಊಟ ಆಯ್ತಾ ಅಂತ ಕೇಳುತ್ತಿದ್ದಳು. ಆದರೂ ಪ್ರತಿ ಸಲ ಐದೂ ನಕ್ಷತ್ರ ಹಳದಿಯಾಗುತ್ತಿದ್ದವು. ನಾನು ಪ್ರತಿ ಸಲ ಉಸಿರು ಬಿಗಿಹಿಡಿದಿರುತ್ತಿದ್ದೆ.

ಹೋದ ಪಿಕ್ಕಿಂಗ್ ಸೀಸನ್ನಿನಲ್ಲಿ ಶನಿವಾರಸಂತೆ ಕಡೆಯ ಗಂಡಹೆಂಡಿರು ಹೊಳೆಬದಿಯ ಕಾಟೇಜಿಗೆ ಬಂದರು. ಆತ ಶುಂಠಿ ಮೆಣಸಿನ ವ್ಯಾಪಾರಿ, ಹಣೆತುಂಬ ವಿಭೂತಿ. ಮದುವೆಯ ವಾರ್ಷಿಕೋತ್ಸವಕ್ಕೆ ಮಗಳು ಕೋಣೆ ಹಿಡಿದುಕೊಟ್ಟಿದ್ದಳಂತೆ. ನಮ್ಮದೇ ಜಿಲ್ಲೆಯವರು ನಮ್ಮಲ್ಲಿ ಉಳಿಯುವುದು ಅಪರೂಪ. ಮನೆಯಲ್ಲೇ ಇರುವ ಕಾಫಿಗಿಡ ನೋಡಲು ಯಾರು ಬರುತ್ತಾರೆ?

ಮೊದಲ ಬೆಳಿಗ್ಗೆಯೇ ಎಡವಟ್ಟಾಯಿತು. ನಮ್ಮ ಹೊಳೆಬದಿಯಾಕೆ ಬಾಗಿಲು ಬಡಿದು ಒಳಗೆ ಹೋದರೆ ಹಾಸಿಗೆ ಹಾಸಿದೆ, ಬಚ್ಚಲು ತೊಳೆದಿದೆ, ಕಸಬರಿಗೆ ಬಾಗಿಲ ಹಿಂದೆ ನಿಂತಿದೆ. ಹೊರಗಿನವರು ಬರುವ ಹೊತ್ತಿಗೆ ಕೋಣೆ ಹರಡಿಕೊಂಡು ಕೂರುವುದಾ ಅಂತ ಆಯಮ್ಮನೇ ಎಲ್ಲ ಮಾಡಿಟ್ಟಿದ್ದರು. ಹೊಳೆಬದಿಯಾಕೆ ಆ ಹಾಸಿಗೆಯನ್ನು ಪೂರಾ ಕಿತ್ತು ಹಾಕಿ, ಅಮ್ಮ ಹಾಸಿದ್ದು ಮನೆ ಹಾಸಿಗೆ, ಇದು ಕಪ್ಪಲ್ ಸಾರ್ ಕಣ್ಣಿಗೆ ಬಿದ್ರೆ ನನ್ನ ಕಥೆ ಮುಗೀತು ಅಂತ ಹೊಸದಾಗಿ ಹಾಸಿದಳು. ಆಯಮ್ಮ ಇನ್ನೊಂದು ತುದಿ ಹಿಡಿದರು. ಮಧ್ಯಾಹ್ನ ನಾನು ಸುತ್ತು ಬಂದಾಗ ಇಬ್ಬರೂ ಕಾಟೇಜಿನ ಮೆಟ್ಟಿಲ ಮೇಲೆ ಕೂತು, ಸೀರೆ ಸರಿಸಿ ಮಂಡಿಗೆ ಮಂಡಿ ಹೋಲಿಸುತ್ತಿದ್ದರು. ಯಾರ ಮಂಡಿ ಹೆಚ್ಚು ಊದಿದೆ ಅನ್ನುವುದರಲ್ಲಿ ಪೈಪೋಟಿ. ಅತಿಥಿಯ ಜೊತೆ ಕೂರುವಂತಿಲ್ಲ ಅಂತ ಹಡಗಿನ ನಿಯಮ ನೆನಪಾಯಿತು, ಹೇಳಲು ಮನಸ್ಸಾಗಲಿಲ್ಲ. ಯಜಮಾನರು ಪೇಪರಿನ ಹಿಂದಿನಿಂದ, ಇವರನ್ನ ಬಿಡಿಸಿಕೊಂಡು ಹೋಗೋದು ಹೆಂಗೆ ಅಂತ ನನ್ನನ್ನೇ ಕೇಳಿದರು.

ಹೊರಡುವ ದಿನ ಆಯಮ್ಮ ಹೊಳೆಬದಿಯಾಕೆಗೆ, ಗಂಡ ಇಲ್ಲದವಳೆಂಬುದನ್ನೂ ಲೆಕ್ಕಿಸದೆ, ಕುಂಕುಮವಿಟ್ಟು, ರವಿಕೆ ಕಣ ಕೊಟ್ಟು, ಕೈ ಹಿಡಿದುಕೊಂಡು ಕಣ್ಣೀರು ಹಾಕಿದರು. ನಾನು ನಿರಾಳವಾಗಿ ಟ್ಯಾಬು ಹಿಡಿದೆ. ಕೋಣೆ ವಿಚಾರ ನಿಂದು ಅಂತ ಯಜಮಾನರು ಅದನ್ನು ಹೆಂಡತಿಯ ಕಡೆಗೆ ತಿರುಗಿಸಿದರು. ಆಯಮ್ಮ ನಾಲ್ಕನೇ ನಕ್ಷತ್ರ ಒತ್ತಿದರು. ನಾಲ್ಕು ಹಳದಿಯಾದವು. ಬೆರಳು ಐದನೆಯದರ ಮೇಲೆ ಹೋಯಿತು, ಅಲ್ಲೇ ನಿಂತಿತು, ಹಿಂದಕ್ಕೆ ಬಂತು. ನನ್ನ ಮುಖ ನೋಡಿ ಏನೋ ಒಳ್ಳೆಯದು ಮಾಡಿದವರ ಹಾಗೆ ನಕ್ಕರು. ಟಿಂಗ್.

ಕಾರು ಗೇಟು ದಾಟುವ ಮೊದಲೇ ಸಾವ್ಕಾರ್ರ ಫೋನು. ರೂಲ್ ಅಂದರೆ ರೂಲ್, ಅವಳಿಗೆ ನಾಳೆಯಿಂದ ಪಿಕ್ಕಿಂಗು, ರೈಟರಿಗೆ ಹೇಳಿಯಾಗಿದೆ ಅಂದರು. ಮಂಡಿಯ ವಿಷಯ ಹೇಳಿದೆ. ಮಂಡಿ ಎಲ್ಲರಿಗೂ ಇರುತ್ತದೆ ಅಂದರು.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸಂಜೆಯೇ ಲೈನಿಗೆ ಹೋಗಿ ಸುದ್ದಿ ಮುಟ್ಟಿಸಿದ್ದ. ಮರುದಿನ ಬೆಳಿಗ್ಗೆ ಆಕೆ ಸೊಂಟಕ್ಕೆ ಗೋಣಿ ಕಟ್ಟಿಕೊಂಡು ಬರೆಯ ಕಡೆ ಹೊರಟವಳು ರಿಸೆಪ್ಷನ್ನಿನ ಮುಂದೆ ನಿಂತಳು. ಕೆಲಸದ ಮಾತೇ ಎತ್ತಲಿಲ್ಲ.

"ಆ ಅಮ್ಮ ಯಾಕೆ ಸಾರ್ ಹಂಗೆ ಮಾಡ್ತು? ನಾನೇನಾದ್ರೂ ತಪ್ಪು ಮಾತಾಡಿದ್ನಾ?"

ನನಗೆ ಬಂದ ಸಿಟ್ಟೆಲ್ಲ ಶನಿವಾರಸಂತೆಯ ಕಡೆಗೇ ತಿರುಗಿತು. ಕಣ್ಣೀರು ಹಾಕುವುದಂತೆ, ಕುಂಕುಮ ಇಡುವುದಂತೆ, ಬೆನ್ನು ತಿರುಗಿಸಿದ ಕೂಡಲೇ ಹೊಟ್ಟೆಗೆ ಹೊಡೆಯುವುದಂತೆ. ಎಂಥ ಜನ! ಫೋನ್ ಮಾಡಿದೆ. ಬೈಯಬೇಕೆಂದು ಕಟ್ಟಿಕೊಂಡ ಮಾತುಗಳೆಲ್ಲ ಬಾಯಿಗೆ ಬರುವಷ್ಟರಲ್ಲಿ ಹಡಗಿನ ದನಿಯಾಗಿ, ನಮ್ಮ ಸೇವೆಯಲ್ಲಿ ಏನು ಕೊರತೆಯಾಯಿತು ದಯವಿಟ್ಟು ತಿಳಿಸಿ ಎಂದು ಹೊರಬಂದವು.

ಆಯಮ್ಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಕೊರತೆಯೇ? ಹೆತ್ತ ತಾಯಿ ಹಾಗೆ ನೋಡಿಕೊಂಡಳಲ್ಲ ಅಂದರು. ಹಾಗಾದರೆ ಐದನೆಯದನ್ನು ಯಾಕೆ ಒತ್ತಲಿಲ್ಲ ಅಂದೆ.

"ಐದೂ ತುಂಬಿಸಿಬಿಡಾದಾ? ನೀವೊಳ್ಳೇರು ಕಣಪ್ಪ. ಪೂರ್ತಿ ತುಂಬಿದ್ದಕ್ಕೆ ಕಣ್ಣು ಬೀಳಲ್ವಾ? ಮೊದ್ಲೇ ಪಾಪ ಅವಳ ಕಾಲು ಸರಿ ಇಲ್ಲ. ಅದ್ಕೇ ಒಂದು ಖಾಲಿ ಬಿಟ್ಟೆ, ಮಗೀನ ಕೆನ್ನೆಗೆ ಬೊಟ್ಟಿಡ್ತೀವಲ್ಲ ಹಂಗೆ."

ದೃಷ್ಟಿಬೊಟ್ಟು! ಕೈಯಲ್ಲಿದ್ದ ಸಿಟ್ಟನ್ನು ಎಲ್ಲಿ ಇಡುವುದು ಈಗ? ಆ ನಕ್ಷತ್ರದಿಂದ ಆದದ್ದೇನು ಅಂತ ಹೇಳಲೇಬೇಕಾಯಿತು. ಅಯ್ಯೋ ಶಿವನೇ ಅಂದರು. ಈಗ ಬಂದು ಒತ್ತಿದರೆ ಆಗುವುದಿಲ್ಲವೇ, ಬಸ್ಸಿಗೆ ಬರುತ್ತೇನೆ ಅಂದರು. ಒಂದು ಸಲ ಒತ್ತಿದ್ದು ಒತ್ತಿದ ಹಾಗೇ ಅಂದೆ. ಅವರು ಅಳುವುದು ಕೇಳಿಸಿತು.

ನಾನು ಸೀದಾ ಸಾವ್ಕಾರ್ರ ಮನೆಗೆ ನಡೆದೆ. ದಾರಿಯುದ್ದಕ್ಕೂ ಚಿಂತೆಗಳು ಕಾಲಿಗೆ ತೊಡರಿದವು. ಈ ವಯಸ್ಸಿನಲ್ಲಿ ಕೆಲಸ ಹೋದರೆ? ಅಮ್ಮತ್ತಿ ಪೇಟೆಯಲ್ಲಿ ಯಾವ ಅಂಗಡಿಯವನು ಟವೆಲು ಮಡಿಚಲು ಕರೆಯುತ್ತಾನೆ? ಗೇಟಿನಲ್ಲಿ ತಲೆಯೆತ್ತಿದೆ. ಕೋರೆಹಲ್ಲಿನ ರಾಕ್ಷಸನ ಮುಖ ಬರೆದ ಬೂದುಗುಂಬಳ ತೂಗುತ್ತಿತ್ತು. ಅಂಗಳದ ಜೀಪಿಗೆ ನಿಂಬೆಹಣ್ಣು, ಮೆಣಸಿನಕಾಯಿ. ಜಗುಲಿಯಲ್ಲಿ ಸಾವ್ಕಾರ್ರು ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಮಗುವಿನ ಕೆನ್ನೆಯಲ್ಲಿ ಕಾಸಗಲದ ಕಪ್ಪು ಬೊಟ್ಟು.

ನಾನು ಕೂರಲಿಲ್ಲ. ಶನಿವಾರಸಂತೆಯ ಅಮ್ಮ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಬಿದ್ದು ಬಿದ್ದು ನಕ್ಕರು. ಒಳ್ಳೆ ಕಥೆ ಕಣಯ್ಯ, ಆದರೆ ಕಂಪ್ಯೂಟರಿಗೆ ದೃಷ್ಟಿ ಗಿಷ್ಟಿ ಗೊತ್ತಾ ಅಂದರು. ಆ ನಗು ನೋಡಿ, ಹಡಗು ಹತ್ತಿದ ದಿನದಿಂದ ನನ್ನೊಳಗೆ ಮಡಿಚಿ ಇಟ್ಟಿದ್ದ ಅದೇನೋ ಬಿಚ್ಚಿಕೊಂಡಿತು.

"ಪಾಪು ಕೆನ್ನೆ ಮೇಲೆ ಕಪ್ಪು ಇದೆ ಸಾರ್. ಮುಖ ಪೂರ್ತಿ ಚೆನ್ನಾಗಿಲ್ಲ. ನಾಲ್ಕೇ ನಕ್ಷತ್ರ. ನಾಳೆಯಿಂದ ಪಿಕ್ಕಿಂಗಿಗೆ ಕಳಿಸಿ."

ನಗು ನಿಂತಿತು. ನನ್ನ ಬಾಯಿ ಮಾತ್ರ ನಿಲ್ಲಲಿಲ್ಲ. ಹಡಗಲ್ಲಿ ನಿಮಗೆ ಕೈಮುಗಿದವನಿಗೆ ನಿಮ್ಮ ಮೇಲೆ ಪ್ರೀತಿ ಉಕ್ಕಿರಲಿಲ್ಲ ಸಾರ್, ನಾನೂ ಹಾಗೆ ಕೈಮುಗಿದಿದ್ದೇನೆ, ಆಮೇಲೆ ಸ್ಟೋರಿನಲ್ಲಿ ಮುಖ ತೊಳೆದುಕೊಂಡಿದ್ದೇನೆ ಅಂದೆ. ಗೇಟಿಗೆ ಕುಂಬಳ ಕಟ್ಟಿದವರಿಗೆ ಒಂದು ಖಾಲಿ ನಕ್ಷತ್ರ ಅರ್ಥ ಆಗುವುದಿಲ್ಲ ಅಂದರೆ ನಾಳೆಯಿಂದ ಆ ಟ್ಯಾಬು ನೀವೇ ಹಿಡಿದುಕೊಳ್ಳಿ ಅಂದೆ. ಮಗು ನನ್ನನ್ನು ನೋಡಿ ಅಳತೊಡಗಿತು. ಅಷ್ಟು ಹೊತ್ತಿಗೆ ನನಗೂ ಅಳು ಬರುವಂತಿತ್ತು.

ಸಾವ್ಕಾರ್ರು ಮಗುವಿನ ಬೆನ್ನು ತಟ್ಟುತ್ತಾ ಗೇಟಿನ ಕುಂಬಳದ ಕಡೆ ನೋಡಿದರು. ಕೊನೆಗೆ, ಆಯ್ತು, ಹೊಳೆಬದಿ ಬೇಡ, ಜನರೇಟರ್ ಹಿಂದಿನ ಕಾಟೇಜು ನೋಡಿಕೊಳ್ಳಲಿ ಅಂದರು. ರೂಲು ಹಾಗೇ ಇರುತ್ತದೆ ಅಂತಲೂ ಸೇರಿಸಿದರು. ಜನರೇಟರಿನ ಹಿಂದೆ ಹೊಳೆ ಕಾಣುವುದಿಲ್ಲ, ಹೊಗೆ ಕಾಣುತ್ತದೆ. ಅಲ್ಲಿ ಐದು ನಕ್ಷತ್ರ ಗಿಟ್ಟಿಸುವುದು ಇನ್ನೂ ಕಷ್ಟ. ಬೇಕಾದರೆ ತಗೋ ಎಂಬಂತೆ ಎಸೆದ ಆ ಅರ್ಧ ನ್ಯಾಯಕ್ಕೆ ನಾನು ಥ್ಯಾಂಕ್ಸ್ ಬೇರೆ ಹೇಳಿದೆ. ಅಭ್ಯಾಸಬಲ.

ಬರೆಯ ಹತ್ತಿರ ಹೋಗಿ ಆಕೆಯನ್ನು ಕೂಗಿದೆ. ಒಂದು ಗಿಡ ಹಿಡಿದುಕೊಂಡು, ಮಂಡಿ ಮಡಿಸಲಾರದೆ ಕುಂಡೆಯ ಮೇಲೆ ಜಾರುತ್ತಾ ಕೆಳಗೆ ಬಂದಳು. ಗೋಣಿಯಲ್ಲಿ ಹಣ್ಣು ತಳ ಮುಚ್ಚುವಷ್ಟೂ ಇರಲಿಲ್ಲ. ಕೋಣೆಯ ಸುದ್ದಿ ಹೇಳಿದೆ, ನಕ್ಷತ್ರದ ಕಥೆಯನ್ನೂ ಹೇಳಿದೆ. ಕೆಲಸ ಸಿಕ್ಕಿದ್ದಕ್ಕೆ ತಲೆಯಾಡಿಸಿದಳು ಅಷ್ಟೆ. ನಕ್ಷತ್ರದ ಕಥೆಗೆ ಮುಖ ಅರಳಿತು. ನನ್ನ ಕೈಲೇ ಶನಿವಾರಸಂತೆಯ ಅಮ್ಮನ ನಂಬರು ಒತ್ತಿಸಿ, ಫೋನು ತೆಗೆದುಕೊಂಡಳು.

"ಅಳಬೇಡಿ ಅಮ್ಮ. ನೀವು ಒಂದು ಖಾಲಿ ಬಿಟ್ಟಿದ್ದಕ್ಕೇ ದೃಷ್ಟಿ ಇಷ್ಟರಲ್ಲಿ ಹೋಯ್ತು. ಐದೂ ತುಂಬಿದ್ರೆ ನನ್ನ ಕೆಲಸಾನೇ ಹೋಗ್ತಿತ್ತು."

ನಾನು ಅಲ್ಲೇ ನಿಂತಿದ್ದೆ. ತಾಯೀ, ಆ ಖಾಲಿಯಿಂದಲೇ ಕೆಲಸ ಹೋಗಿದ್ದು, ಅದನ್ನು ವಾಪಸು ತಂದದ್ದು ನಾನು ಅಂತ ಕೂಗಬೇಕೆನಿಸಿತು. ಆಕೆ ನನ್ನ ಕಡೆ ತಿರುಗಿ, ಫೋನಿಗೆ ಕೈ ಅಡ್ಡ ಹಿಡಿದು, ಈ ಕಪ್ಪಲ್ ಸಾರ್‌ಗೂ ಒಂದು ಬೊಟ್ಟು ಇಟ್ಟುಬಿಡಿ ಅಂತ ಅಮ್ಮಂಗೆ ಹೇಳ್ಲಾ, ಮುಖ ಯಾಕೋ ಕೆಂಪಗಿದೆ ಅಂದಳು. ನಾನು ಗೋಣಿಯನ್ನು ಕಸಿದುಕೊಂಡು, ಅದರಲ್ಲಿದ್ದ ಹಣ್ಣನ್ನು ರೈಟರ್ ತೂಗುವ ರಾಶಿಗೆ ಸುರಿಯಲು ಹೋದೆ.