ಅನುವಾದ ಕೊಡುವವಳು

ವಯಸ್ಸಾದ ಮೇಲೆ ಮನಸ್ಸು ಮೆತ್ತಗಾಗುತ್ತದೆ ಅನ್ನುತ್ತಾರೆ. ನನಗೆ ಮಂಡಿ ಮೆತ್ತಗಾಗಿದೆ, ಮನಸ್ಸಲ್ಲ. ಕೆಲವರನ್ನು ಕ್ಷಮಿಸಬೇಕೆಂದು ನಮ್ಮ ಮನೆಯವರು ಇವತ್ತಿಗೂ ಉಪದೇಶ ಮಾಡುತ್ತಿರುತ್ತಾರೆ. ನಾನು ಆಗಲಿ ಅಂತ ತಲೆಯಾಡಿಸಿ ನನ್ನ ಪಾಡಿಗೆ ಹುರುಳಿಕಾಯಿ ಹೆಚ್ಚುತ್ತಿರುತ್ತೇನೆ.

ಎಪ್ಪತ್ತರ ದಶಕದ ಮೊದಲಲ್ಲಿ ನಾವು ತಿರುವನಂತಪುರದಲ್ಲಿದ್ದೆವು. ಮನೆಯವರು ರಾಕೆಟ್ಟಿನ ಕಡೆ ಕೆಲಸಕ್ಕೆ ಮೈಸೂರಿನಿಂದ ಬಂದವರು. ಜೀವರಸಾಯನಶಾಸ್ತ್ರ ಓದಿದ್ದ ನಾನು ಅಲ್ಲೇ ಒಂದು ಸಂಶೋಧನಾಲಯಕ್ಕೆ ಸೇರಿಕೊಂಡೆ. ನಮ್ಮ ಮುಖ್ಯಸ್ಥರೂ ಮೈಸೂರಿನವರೇ. ಮೊದಲ ದಿನ ಅವರು, 'ಬನ್ನೀಮ್ಮಾ, ನಮ್ಮೂರಿನವರು ಸಿಕ್ಕಿದ್ರಲ್ಲ' ಅಂದಾಗ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಗೊತ್ತಾಗಲು ಸ್ವಲ್ಪ ಕಾಲ ಹಿಡಿಯಿತು.

ಆಗ ದೆಹಲಿಯಿಂದ ಹೊಸದೊಂದು ಅನುದಾನದ ಸುದ್ದಿ ಬಂತು. ಒಬ್ಬ ವಿಜ್ಞಾನಿಗೆ, ಒಂದು ಪ್ರಯೋಗಶಾಲೆಗೆ ಕೊಡುವ ಹಣ ಅದಲ್ಲ. ವೈದ್ಯರು, ಕೀಟಶಾಸ್ತ್ರದವರು, ರಸಾಯನದವರು, ಎಂಜಿನಿಯರು ಎಲ್ಲ ಸೇರಿ ಒಂದೇ ರೋಗದ ಬೆನ್ನು ಹತ್ತುವ ಕೇಂದ್ರ ಕಟ್ಟುವುದಾದರೆ ಮಾತ್ರ ಸರ್ಕಾರ ಕೊಡುತ್ತದೆ. ನನಗೆ ತಕ್ಷಣ ಹೊಳೆದದ್ದು ಕೊಚ್ಚಿಯ ಆನೆಕಾಲು ರೋಗ. ಅಲ್ಲಿ ಹಿನ್ನೀರಿನ ದಡದ ಕೇರಿಗಳಲ್ಲಿ ಮನೆಗೊಬ್ಬರಾದರೂ ಊದಿದ ಕಾಲು ಎಳೆದುಕೊಂಡು ನಡೆಯುತ್ತಿದ್ದರು. ಚಿಕಿತ್ಸೆ ಕೊಚ್ಚಿಯಲ್ಲಿ, ರಕ್ತದ ಪರೀಕ್ಷೆ ತಿರುವನಂತಪುರದಲ್ಲಿ, ಸೊಳ್ಳೆಗೂ ಚರಂಡಿಗೂ ಅದರದರ ತಜ್ಞರು. ಇಡೀ ಕೇಂದ್ರ ನನ್ನ ಕಣ್ಣಮುಂದೆ ನಿಂತಿತು.

ಅವರನ್ನೆಲ್ಲ ಸೇರಿಸುವುದೆಂದರೆ ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗಿದ ಹಾಗೆ. ತ್ರಿಪ್ಪುಣಿತ್ತುರದ ಡಾಕ್ಟರಿಗೆ ಆಲುವದ ಕೀಟಶಾಸ್ತ್ರದವರು ಬರೀ 'ಸೊಳ್ಳೆ ಮೇಷ್ಟ್ರು'. ಸೊಳ್ಳೆ ಮೇಷ್ಟ್ರಿಗೆ ಡಾಕ್ಟರೆಂದರೆ ಕಾಲು ಊದಿದ ಮೇಲೆ ಎದ್ದು ಕೂರುವ ಕುಂಭಕರ್ಣ. ಚರಂಡಿ ಎಂಜಿನಿಯರಿಗೆ ಇಬ್ಬರೂ ಅಷ್ಟಕ್ಕಷ್ಟೇ. ಎರಡು ವರ್ಷ ನಾನು ರೈಲಿನಲ್ಲಿ ಮೊಸರನ್ನದ ಡಬ್ಬಿ ಹಿಡಿದು ಓಡಾಡಿ, ಇವನ ಮಾತನ್ನು ಅವನಿಗೆ ಸಕ್ಕರೆ ಹಚ್ಚಿ ಹೇಳಿ, ಮೂವರನ್ನೂ ಒಂದು ಮೇಜಿನ ಸುತ್ತ ಕೂರಿಸಿದೆ. ಯೋಜನೆ ಮೊದಲಿಂದ ಕೊನೆವರೆಗೆ ನಾನೇ ಬರೆದೆ.

ಕೇರಿಯವರ ವಿಶ್ವಾಸ ಸಿಕ್ಕಿದ್ದು ಅಮ್ಮಚ್ಚಿಯಿಂದ. ಚಹಾ ಅಂಗಡಿ ನಡೆಸುವ ಮುದುಕಿ. ಸ್ವಂತ ಬಲಗಾಲೇ ಕಂಬದಷ್ಟು ಊದಿತ್ತು. ಆಕೆ ಹೂಂ ಅಂದರೆ ಕೇರಿ ಹೂಂ ಅನ್ನುತ್ತಿತ್ತು. ಅಲ್ಲೊಂದು ತೊಡಕಿತ್ತು. ಈ ರೋಗದ ಹುಳು ಹಗಲಲ್ಲಿ ರಕ್ತದಲ್ಲಿ ಸಿಗುವುದಿಲ್ಲ, ಎಲ್ಲರೂ ಮಲಗಿದ ಮೇಲೆ ಮನೆಮನೆಗೆ ಹೋಗಿ ಸೂಜಿ ಚುಚ್ಚಬೇಕು. ಹೆಂಗಸರಿರುವ ಮನೆಗೆ ಸರಿರಾತ್ರಿ ಗಂಡಸರು ನುಗ್ಗುವುದಕ್ಕೆ ಯಾರು ತಾನೇ ಒಪ್ಪುತ್ತಾರೆ? 'ದೊಡ್ಡವರು ಯಾರೋ ಅವರೇ ಬಂದು ನಮ್ಮನ್ನು ಕೇಳಲಿ' ಅಂದಿದ್ದರು ಅಮ್ಮಚ್ಚಿ. ಕೇಳಿದ್ದು ನ್ಯಾಯವೇ.

ಯೋಜನೆ ದೆಹಲಿಗೆ ಹೋಯಿತು. ಹೋದ ಮೇಲೆ ತಿಳಿಯಿತು, ಅದರಲ್ಲಿ ನನ್ನ ಹೆಸರೇ ಇಲ್ಲ. ಕೇಂದ್ರಕ್ಕೆ ಮುಖ್ಯಸ್ಥರೇ ನಿರ್ದೇಶಕರು. ರಸಾಯನ ವಿಭಾಗಕ್ಕೆ ಅವರ ಷಡ್ಡಕನ ಮಗ, ಒಂದು ದಿನವೂ ಕೊಚ್ಚಿಯ ಸೊಳ್ಳೆ ಕಚ್ಚಿಸಿಕೊಳ್ಳದವನು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಹೊಕ್ಕಿತ್ತು. ನಾನು ನೇರ ಅವರ ಕೋಣೆಗೆ ಹೋಗಿ ಕೇಳಿದೆ.

'ನೋಡೀಮ್ಮಾ, ಸಂಸಾರಸ್ಥ ಹೆಣ್ಮಕ್ಕಳು ನೀವು. ರಾತ್ರಿ ಹೊತ್ತು ಕೇರಿ ತಿರುಗೋ ಕೆಲಸ ನಿಮಗ್ಯಾಕೆ? ನಿಮ್ಮ ಒಳ್ಳೇದಕ್ಕೇ ಮಾಡಿದ್ದು' ಅಂದರು. ಆಮೇಲೆ ಮೂಗಿಗೆ ತುಪ್ಪ ಸವರಿದರು. 'ನಿಮಗೆ ಮಲಯಾಳಂ ಚೆನ್ನಾಗಿ ಬರತ್ತಲ್ಲ, ಅನುವಾದಕ್ಕೆ ನಮ್ಮ ಜೊತೆ ಬನ್ನಿ.'

ಆ ತುಪ್ಪದ ವಾಸನೆಗೆ ನನಗೆ ವಾಕರಿಕೆ ಬಂತು. ಹೊರಗೆ ಬಂದು ಅಳಲಿಲ್ಲ. ಈ ಮನುಷ್ಯ ಮಣ್ಣು ಮುಕ್ಕುವುದನ್ನು ನೋಡದೆ ಈ ಊರು ಬಿಡುವುದಿಲ್ಲ ಅಂದುಕೊಂಡೆ. ದೇವರಿಗೂ ಹಾಗೇ ಹೇಳಿದೆ.

ದೆಹಲಿಯ ಸಮಿತಿ ಜಾಗ ನೋಡಲು ಬರುವ ಮುಂಚೆ ಮುಖ್ಯಸ್ಥರು ಮೊದಲ ಸಲ ಕೊಚ್ಚಿಗೆ ಬಂದರು. ಅವರನ್ನು ನಾನೊಬ್ಬಳೇ ಅಮ್ಮಚ್ಚಿಯ ಅಂಗಡಿಗೆ ಕರೆದುಕೊಂಡು ಹೋದೆ. ಅಮ್ಮಚ್ಚಿ ಎದ್ದು ನಿಂತು, ಮರ್ಯಾದೆಯಿಂದ, 'ರಾತ್ರಿ ವೀಟ್ಟಿಲ್ ಕಯರಾನ್ ಅನುವಾದಂ ವೇಣಂ, ಡಾಕ್ಟರೇ' ಅಂದರು.

ಕನ್ನಡದ ಅನುವಾದ ಬೇರೆ, ಮಲಯಾಳದ ಅನುವಾದಂ ಬೇರೆ. ಅವರಲ್ಲಿ ಅದಕ್ಕೆ ಅನುಮತಿ ಅಂತ ಅರ್ಥ. ರಾತ್ರಿ ಮನೆಯೊಳಗೆ ಬರಲು ನಮ್ಮ ಅಪ್ಪಣೆ ಬೇಕು ಅಂದಿದ್ದರು ಅಮ್ಮಚ್ಚಿ. ಹೊಸದಾಗಿ ಬಂದ ಕನ್ನಡದವರೆಲ್ಲ ಎಡವುವ ಪದ ಇದು. ಆದರೆ ಮುಖ್ಯಸ್ಥರು ಹೊಸಬರಲ್ಲ, ಊರಿಗೆ ಬಂದು ಏಳೆಂಟು ವರ್ಷವಾಗಿತ್ತು. ಕಲಿಯುವ ಮನಸ್ಸಿರಲಿಲ್ಲ, ಅಷ್ಟೇ. ಮುದುಕಿ ದುಭಾಷಿ ಕೇಳುತ್ತಿದ್ದಾಳೆ ಅಂದುಕೊಂಡು, ನನ್ನ ಕಡೆ ಬೆರಳು ತೋರಿಸಿ, ತಮಗೆ ಬರುವ ಹರಕು ಮಲಯಾಳದಲ್ಲಿ ಗಟ್ಟಿಯಾಗಿ, 'ಅನುವಾದಂ ಎಲ್ಲಾಂ ಇವರು ತರುಂ!' ಅಂದರು. ಅಪ್ಪಣೆಯೆಲ್ಲ ಇವರೇ ಕೊಡುತ್ತಾರೆ!

ಅಂಗಡಿಯ ಬೆಂಚಿನ ಮೇಲಿದ್ದವರೆಲ್ಲ ನನ್ನನ್ನು ನೋಡಿದರು. ಅಮ್ಮಚ್ಚಿಯೂ ನೋಡಿದರು. ನನ್ನ ಹೆಸರು ಹಾರಿಹೋದ ಕಥೆ ಅವರಿಗೆ ತ್ರಿಪ್ಪುಣಿತ್ತುರದ ಡಾಕ್ಟರಿಂದ ಮುಟ್ಟಿತ್ತು. 'ಸರಿ, ಮಗಳು ಕೊಟ್ಟರೆ ಸಾಕು' ಅಂತ ಅವರು ಮಲಯಾಳದಲ್ಲಿ ಹೇಳಿ ಲೋಟ ತೊಳೆಯಲು ಕೂತರು.

ತಿದ್ದಲು ನನಗೆ ಒಂದು ವಾಕ್ಯ ಸಾಕಿತ್ತು. ಬಾಯಲ್ಲಿ ಬಾಳೆಕಾಯಿ ಬಜ್ಜಿ ಇತ್ತು, ನಿಧಾನವಾಗಿ ಅಗಿದೆ. ಕಾರಿನಲ್ಲಿ ಮುಖ್ಯಸ್ಥರು, 'ನೋಡಿದ್ರಾ, ಜನರ ಹತ್ರ ಹೇಗೆ ಮಾತಾಡ್ಬೇಕು ಅಂತ?' ಅಂದರು. 'ನೋಡಿದೆ ಸಾರ್' ಅಂದೆ. ಅಷ್ಟು ರುಚಿಯಾದ ಬಜ್ಜಿ ನಾನು ಆಮೇಲೆ ತಿಂದಿಲ್ಲ.

ಸಮಿತಿ ಬಂದ ದಿನ ಕೇರಿಯ ಹೆಂಗಸರೆಲ್ಲ ಅಂಗಡಿಯ ಮುಂದೆ ಸೇರಿದ್ದರು. ಕಾಲಿನ ಅಳತೆ ತೆಗೆಯಲಿ ಅಂತ ಅಮ್ಮಚ್ಚಿ ಉಟ್ಟ ಮುಂಡಿನ ಅಂಚನ್ನು ಮೇಲಕ್ಕೆ ಸಿಕ್ಕಿಸಿಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ಮುಖ್ಯಸ್ಥರು ಇಂಗ್ಲಿಷಿನಲ್ಲಿ ಉದ್ದದ ಭಾಷಣ ಬಿಗಿದರು. ಷಡ್ಡಕನ ಮಗ ಟೈ ಸರಿಮಾಡಿಕೊಂಡ. ಸಮಿತಿಯ ಹಿರಿಯರು ಒಂದೇ ಪ್ರಶ್ನೆ ಕೇಳಿದರು: ರಾತ್ರಿ ಮನೆಗೆ ಬಂದು ರಕ್ತ ತೆಗೆಯಲು ಈ ಜನ ಒಪ್ಪಿದ್ದಾರಾ? ಒಪ್ಪದಿದ್ದರೆ ಅನುದಾನವಿಲ್ಲ.

ನಾನು ಪ್ರಶ್ನೆಯನ್ನು ಮಲಯಾಳಕ್ಕೆ ತಿರುಗಿಸಿದೆ, ಒಂದಕ್ಷರ ಹೆಚ್ಚು ಕಮ್ಮಿಯಿಲ್ಲದೆ. ಅಮ್ಮಚ್ಚಿ ಸಮಿತಿಯ ಕಡೆ ನೋಡಲೇ ಇಲ್ಲ. ನನ್ನ ಕಡೆ ತಿರುಗಿ ಕೇಳಿದರು.

'ಮೋಳೇ, ಅನುವಾದಂ ತರುಮೋ?'

ಅಪ್ಪಣೆ ಕೊಡುತ್ತೀಯಾ ಮಗಳೇ? ಮುಖ್ಯಸ್ಥರು ನನ್ನ ಪಕ್ಕದಲ್ಲೇ ನಿಂತು ಅವಸರ ಮಾಡಿದರು. 'ಕೇಳ್ತಿದಾರಲ್ಲ, ಕೊಡೀಮ್ಮಾ, ಬೇಗ ಕೊಡಿ!'

ಹೂಂ ಅಂದರೆ ಕೇಂದ್ರ ಏಳುತ್ತದೆ. ನನ್ನ ಎರಡು ವರ್ಷದ ಮೇಲೆ ಅವರು ಕುರ್ಚಿ ಹಾಕಿಕೊಂಡು ಕೂರುತ್ತಾರೆ, ನಾನು ಅವರ ಹಿಂದೆ ನಿಂತು ಮಾತು ತಿರುಗಿಸುತ್ತಿರುತ್ತೇನೆ. ಕನ್ನಡಕ್ಕೂ ಮಲಯಾಳಕ್ಕೂ ಅರ್ಥ ಬದಲಾಗದ ಒಂದು ಪದವಿದೆ. ಅದನ್ನೇ ಹೇಳಿದೆ.

'ಇಲ್ಲ.'

ಅಮ್ಮಚ್ಚಿ ಕಾರಣ ಕೇಳಲಿಲ್ಲ. ಸಿಕ್ಕಿಸಿದ್ದ ಮುಂಡಿನ ಅಂಚನ್ನು ಬಿಚ್ಚಿ ಊದಿದ ಪಾದದ ಮೇಲೆ ಇಳಿಬಿಟ್ಟುಕೊಂಡರು. ಹೆಂಗಸರು ಒಬ್ಬೊಬ್ಬರಾಗಿ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. 'ಏನಂದ್ರೀಮ್ಮಾ ಅವರಿಗೆ?' ಅಂತ ಮುಖ್ಯಸ್ಥರು ಬೆವರುತ್ತಾ ಕೇಳಿದರು. 'ಕನ್ನಡದಲ್ಲಿ ಏನರ್ಥವೋ ಅದೇ ಸಾರ್' ಅಂದೆ. ಅವರ ಮುಖದ ಬಣ್ಣ ಇಳಿಯುವುದನ್ನು ಕಣ್ತುಂಬ ನೋಡಿದೆ. ಅನುದಾನ ಬೇರೆ ರಾಜ್ಯಕ್ಕೆ ಹೋಯಿತು, ಷಡ್ಡಕನ ಮಗ ಟೈ ಸಮೇತ ಊರಿಗೆ ಹೋದ. ನಾನು ಮನೆಯಲ್ಲಿ ಹೋಳಿಗೆ ಮಾಡಿದೆ.

ಕೆಲವು ತಿಂಗಳಾದ ಮೇಲೆ ಕೊಚ್ಚಿಗೆ ಹೋಗಿದ್ದಾಗ ಅಂಗಡಿಗೆ ಹೋದೆ. ಅಮ್ಮಚ್ಚಿ ಚಹಾ ಕೊಟ್ಟು, ದುಡ್ಡು ಬೇಡ ಅಂದರು. ಅವರಿಗೆ ಆಗ ನಿಂತು ಕೆಲಸ ಮಾಡಲು ಆಗುತ್ತಿರಲಿಲ್ಲ, ಕಾಲನ್ನು ಇನ್ನೊಂದು ಸ್ಟೂಲಿನ ಮೇಲಿಟ್ಟುಕೊಂಡು ಕೂತೇ ಚಹಾ ಸೋಸುತ್ತಿದ್ದರು.

'ನಿನ್ನ ಸಿಟ್ಟು ಸರಿಯಾದದ್ದೇ ಮೋಳೇ' ಅಂದರು. 'ಕಾಲು ಮಾತ್ರ ನನ್ನದು.'

ತಿರುವನಂತಪುರದವರೆಗೂ ರೈಲಿನಲ್ಲಿ ನಾನು ಮುಖ್ಯಸ್ಥರನ್ನೇ ಬೈದುಕೊಂಡು ಬಂದೆ.