ತಿಪ್ಪೆಯ ಜಾಗದ ಬೆಂಡೋಲೆ

ಕಾರ್ಖಾನೆಯಿಂದ ನಿವೃತ್ತನಾದ ಮೇಲೆ, ನೆಲದೊಳಗಿನ ಲೋಹ ಹುಡುಕುವ ಮೆಟಲ್ ಡಿಟೆಕ್ಟರ್ ಒಂದನ್ನು ತರಿಸಿಕೊಂಡೆ. ಮೂವತ್ತು ವರ್ಷ ಕಬ್ಬಿಣದ ಜೊತೆ ಏಗಿದ್ದು ಸಾಲದೇ ಎಂದು ಹೆಂಡತಿ ಕೇಳಿದಳು. ಕೇಳಲಿ ಬಿಡಿ. ಆದರೆ ಭದ್ರಾವತಿಯ ಓಲ್ಡ್ ಟೌನಿನಲ್ಲಿರುವ ನಮ್ಮ ಹಿತ್ತಲಲ್ಲಿ ಅದನ್ನು ಎಲ್ಲಿ ಹಿಡಿದರೂ ಕೂಗುತ್ತಿತ್ತು. ಅಗೆದರೆ ಮೊಳೆ, ಇಲ್ಲವೇ ನಟ್ಟು. ವಾರದೊಳಗೆ ರೇಗಿಹೋಗಿ ಅಟ್ಟಕ್ಕೆ ಎಸೆದೆ.

ಮತ್ತೆ ಕೆಳಗಿಳಿಸಿದ್ದು ಹೊಳಲೂರಿನ ದೊಡ್ಡಮ್ಮ ಫೋನ್ ಮಾಡಿದ ಮೇಲೆ. ಮದುವೆಯಾದ ಹೊಸದರಲ್ಲಿ ತಿಪ್ಪೆಗೆ ಸಗಣಿ ಹಾಕಲು ಹೋದಾಗ ಆಕೆಯ ಒಂದು ಬೆಂಡೋಲೆ ಬಿದ್ದುಹೋಗಿತ್ತು. ಆಕೆಯ ಅತ್ತೆ ನಂಬಲಿಲ್ಲ; ಆಗ ಮನೆಗೆ ಬಂದಿದ್ದ ಆಕೆಯ ಅಣ್ಣನ ಕೈಯಲ್ಲಿ ತವರಿಗೆ ಸಾಗಿಸಿದ್ದಾಳೆ ಎಂದರು. ಸಾಗಿಸುವವಳು ಒಂದೇ ಓಲೆ ಸಾಗಿಸುತ್ತಾಳಾ ಎಂದು ದೊಡ್ಡಮ್ಮ ಕೇಳಿದಳು. ದೊಡ್ಡಪ್ಪನೂ ಅಮ್ಮನ ಮಾತಿಗೇ ತಲೆಯಾಡಿಸಿದರು. ಅಣ್ಣ ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ಶಿವಮೊಗ್ಗದ ಕೋಟೆ ರಸ್ತೆಯಲ್ಲಿದ್ದ ಅವನ ಮನೆಗೆ ದೊಡ್ಡಪ್ಪ ಕಾಲಿಡಲಿಲ್ಲ.

ಓಲೆ ಗೊಬ್ಬರದ ಜೊತೆ ಎಂದೋ ಗದ್ದೆ ಸೇರಿರುತ್ತದೆ ಎಂದೆ. ಕೇಳಬೇಕಲ್ಲ ಆಕೆ! ತಿಪ್ಪೆಯಿದ್ದ ಜಾಗದಲ್ಲೀಗ ಬಸಳೆ ಚಪ್ಪರ. ಬೆಳಗಿಂದ ಅಗೆದು ಸಿಕ್ಕಿದ್ದು ಎತ್ತಿನ ಲಾಳ, ಮುರಿದ ಬೀಗ, ನನಗೆ ಸೊಂಟನೋವು. ಬೇಲಿಯ ಬುಡದಲ್ಲಿ ಯಂತ್ರ ಸಣ್ಣಗೆ ಕುಂಯ್ ಎಂದಿತು. ಭದ್ರಾವತಿಯ ಅಭ್ಯಾಸ ನೋಡಿ, ಮೊಳೆ ಎಂದುಕೊಂಡು ದಾಟಿಬಿಟ್ಟೆ. ದೊಡ್ಡಮ್ಮ ಬಿಡದೆ ತಾನೇ ಕೂತು ಕತ್ತಿಯಿಂದ ಕೆದಕಿದಳು. ಒಂದು ಹೆಂಟೆ ಒಡೆದಾಗ ಒಳಗೆ ಓಲೆ ಇತ್ತು. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಜಗಲಿಯಿಂದ ಎದ್ದು ಬಂದ ದೊಡ್ಡಪ್ಪನ ಅಂಗೈಗೆ ಅದನ್ನಿಟ್ಟಳು. ಅವರು ತಿರುಗಿಸಿ ತಿರುಗಿಸಿ ನೋಡಿದರು. ಒಳಗೆ ಹೋಗಿ ಅಂಗಿ ತಂದು ತೊಡತೊಡಗಿದರು.

"ನಡಿ, ನಿಮ್ಮಣ್ಣನ ಮನೆಗೆ ಹೋಗ್ ಬರೋಣ."

"ಅಣ್ಣ ಹೋಗಿ ಮೂರು ವರ್ಷ ಆಯ್ತು. ಹೆಣ ನೋಡಕ್ಕೂ ನೀವು ಬರ್ಲಿಲ್ಲ."

"ಗೊತ್ತು ಕಣೆ. ನಿಮ್ಮತ್ತಿಗೆ ಇದ್ದಾರಲ್ಲ. ತಪ್ಪು ನಂದೇ ಅಂತ ಅವ್ರ ಮುಂದೆ ಹೇಳ್ತೀನಿ."

ದೊಡ್ಡಮ್ಮ ಕೂತಲ್ಲಿಂದ ಏಳಲಿಲ್ಲ.

"ಅವ್ರಿಗೆ ಆಮೇಲೆ ಹೇಳೀರಂತೆ. ಮೊದ್ಲು ನನ್ ಹತ್ರ ಹೇಳಿ."

ದೊಡ್ಡಪ್ಪ ಗುಂಡಿ ಹಾಕುವುದನ್ನು ಬಿಟ್ಟು, ಆಕೆಯ ಪಕ್ಕದಲ್ಲೇ ಮಣ್ಣಿನ ಮೇಲೆ ಕೂತು ಹೇಳಿದರು.